ಜಡೆಪ್ಪನವರ ಗುಣಾಕಾರ

ಹೊಸಪೇಟೆಯ ಪ್ಲೇಗ್ ಇನ್ಸ್‌ಪೆಕ್ಟರ್ ಜಡೆಪ್ಪನವರು ಊಟದ ಎಲೆಯ ಮುಂದೆ ಕುಳಿತರೂ ಅನ್ನದ ಅಗುಳುಗಳನ್ನು ಸಾಲಿಟ್ಟು, "ಕಂಪ್ಲಿಯಿಂದ ಬ್ಯಾನಿ ತಂದಾಂವ ಒಬ್ಬ, ಅವನಿಂದ ಮೂವರಿಗೆ, ಆ ಮೂವರಿಂದ ಒಂಬತ್ತು ಮಂದಿಗೆ" ಎಂದು ಪಕ್ಕದವನಿಗೆ ಲೆಕ್ಕ ಒಪ್ಪಿಸಿ, ಅವನ ಹಸಿವೆ ಕೆಡಿಸಿಯೇ ಏಳುವರು. ವರ್ತಕರು ಗೋಗರೆದರೆಂದು ಸರ್ಕಾರ ಪ್ಲೇಗಿಗೆಂದು ಕಂಪ್ಲಿ ದಾರಿಗೆ ಹಾಕಿದ್ದ ತಡೆ ತೆಗೆಸಿದಾಗ ಅವರ ಸಿಟ್ಟು ನೆತ್ತಿಗೇರಿತು. "ಈಗ ದಾರಿ ಬಿಟ್ರ, ಮುಂದಿನ ಹುಣ್ಣಿಮಿಗೆ ಹೆಣ ಹೊರಾಕ ಹೆಗಲು ಸಿಗಂಗಿಲ್ರಿ!" ಎಂದು ಕಚೇರಿಯಲ್ಲಿ ಕೂಗಾಡಿದರು, ಸಾಹೇಬರು ನಕ್ಕರು. ಮೊದಲ ಬಂಡಿಯಲ್ಲೇ ಕೂಸನ್ನೆತ್ತಿಕೊಂಡು ಬಂದಿಳಿದವಳು ಕಂಪ್ಲಿಗೆ ಕೊಟ್ಟಿದ್ದ ಅವರ ಮಗಳು ವಿರುಪಮ್ಮ. "ಮನೀಗೆ ಬ್ಯಾಡವ್ವ" ಎಂದು ಅವಳನ್ನು, ಬ್ಯಾನಿಯ ಊರಿಂದ ಬಂದವರನ್ನು ಬೇರೆ ಇರಿಸುವ ಊರಾಚೆಯ ಗುಡಿಸಲಿಗೆ ಕಳಿಸಿದರು. "ಎಂಥಾ ಅಪ್ಪರಿ ನೀವು!" ಎಂದು ಬಂಡಿಯವನು ರೇಗಿದ. "ನನ್ನ ಮಗಳಂತ ಬ್ಯಾನಿ ಬಿಡತೈತೇನಲೇ?" ಎಂದು ಜಡೆಪ್ಪನವರು ಗದರಿ, ತಮ್ಮ ಹಾಸಿಗೆ ಹೊತ್ತು ಅದೇ ಗುಡಿಸಲಿಗೆ ನಡೆದರು.