ಎರಡು ಕಡೆಯಿಂದ ತೆರೆಯುವ ಪುಸ್ತಕ

ಬೀದಿಯವರಿಗೆಲ್ಲ ಅವಳು ಸೂಜಿಯಕ್ಕ. ಅಪ್ಪನ ರಟ್ಟು ಕಟ್ಟುವ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ನೋಟ್‌ಬುಕ್ ಹೊಲಿಯುತ್ತಿದ್ದಳು. ಹಳೆಯ ಪುಸ್ತಕಗಳ ಹತ್ತಿರ ಮಾತ್ರ ಅಪ್ಪ ಅವಳನ್ನು ಸುಳಿಯಗೊಡುತ್ತಿರಲಿಲ್ಲ. ಈ ಸಲ ಅವನ ಬಲಗೈ ಮಣಿಕಟ್ಟು ಉಳುಕಿತ್ತು. ವಿಧಿಯಿಲ್ಲದೆ ಕೆಲಸ ಒಪ್ಪಿಸಿ, "ಇದು ಕೆಟ್ಟರೆ ಇನ್ಮೇಲೆ ಹಳೇ ಪುಸ್ತಕದ ಹೆಸರೆತ್ತಬೇಡ" ಎಂದಿದ್ದ.

ತಂದವರು ನಿವೃತ್ತ ಮೇಷ್ಟರು. ಎರಡು ತೆಳು ಪುಸ್ತಕ. ಒಂದು ಯಹೂದಿ ಅನುಭಾವಿಗಳದು, ಹೀಬ್ರೂ ಭಾಷೆಯಲ್ಲಿ. ಇನ್ನೊಂದು ಹರ್ಮಿಸ್ ಎಂಬ ಪುರಾಣಪುರುಷನ ಹೆಸರು ಹೇಳಿಕೊಂಡು ಗುಪ್ತವಿದ್ಯೆ ಕಲಿತವರದು, ಲ್ಯಾಟಿನ್‌ನಲ್ಲಿ. ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿಯಬೇಕಿತ್ತು.

ಅವಳಿಗೆ ಎರಡೂ ಓದಲು ಬಾರದು. ಆದರೆ ಓದಿದವರ ಹೆಬ್ಬೆರಳಿನ ಕೊಳೆ ಗೊತ್ತಾಗುತ್ತಿತ್ತು. ಲ್ಯಾಟಿನ್ ಪುಸ್ತಕದ ಬಲಮೂಲೆ ಕಪ್ಪಾಗಿತ್ತು, ಹೀಬ್ರೂವಿನದು ಎಡಮೂಲೆ. ಹಾಗಾದರೆ ಹೀಬ್ರೂ ಪುಸ್ತಕ ಹಿಂದಿನ ಕಡೆಯಿಂದ ತೆರೆಯುವಂಥದ್ದು. ಹಾಗೆಯೇ ಜೋಡಿಸಿ ಹೊಲಿದಳು.

ಅಪ್ಪ ತಿರುವಿ ನೋಡಿ ಹೌಹಾರಿದ. "ಅಯ್ಯೋ, ಎರಡನೇದು ಹಿಂದುಮುಂದಾಗಿದೆಯಲ್ಲೇ! ಮೊದಲನೇ ಪುಟ ಹೋಗಿ ಹಿಂದಿನ ರಟ್ಟಿನ ಹತ್ತಿರ ಕೂತಿದೆ!"

"ಅದು ಹಾಗೇ ಇರಬೇಕಪ್ಪಾ."

"ನೋಟ್‌ಬುಕ್ ಹೊಲಿಯೋಳು ನನಗೇ ಹೇಳಿಕೊಡ್ತೀಯಾ?" ಎಡಗೈಯಲ್ಲೇ ಚಾಕು ಎತ್ತಿಕೊಂಡ. ದಾರಕ್ಕೆ ತಾಗಿಸಬೇಕು, ಅಷ್ಟರಲ್ಲಿ ಮೇಷ್ಟರು ಒಳಬಂದರು.

ಅವರು ಮುಂದಿನಿಂದ ತೆರೆದರು, ಹಿಂದಿನಿಂದ ತೆರೆದರು, "ಹೀಬ್ರೂ ಬಲದಿಂದ ಎಡಕ್ಕೇ ಓದೋದು, ಸರಿಯಾಗಿದೆ" ಎಂದರು, ಕೊನೆಗೆ ನಡುವಿಗೆ ಬಂದರು. ಎರಡು ಪುಸ್ತಕಗಳ ಕೊನೆಯ ಪುಟಗಳು ಅಲ್ಲಿ ಎದುರುಬದುರಾಗಿದ್ದವು. ಎರಡರಲ್ಲೂ ಒಂದೊಂದು ಮರದ ಚಿತ್ರ: ಹತ್ತು ವೃತ್ತ, ಅವನ್ನು ಕೂಡಿಸುವ ಇಪ್ಪತ್ತೆರಡು ಗೆರೆ.

ಮೇಷ್ಟರು ಗಹಗಹಿಸಿ ನಕ್ಕರು. "ನಲವತ್ತು ವರ್ಷ ಬಾಯಿ ನೋಯೋವರೆಗೂ ಹೇಳಿದ್ದು ಇದನ್ನೇ ಕಣಮ್ಮ! ಮರ ಯಹೂದಿಗಳದು. ಈ ಹರ್ಮಿಸ್ ಕಡೆಯವರು ನೆಂಟರ ಹಾಗೆ ಬಂದು, ಸಸಿ ತಗೊಂಡು ಹೋಗಿ, ಅದರ ತುಂಬ ಗ್ರಹ, ಲೋಹ ಎಲ್ಲಾ ನೇತುಹಾಕಿದರು."

"ಕೇಳಿ ತಗೊಂಡು ಹೋದರಾ?" ಎಂದ ಅಪ್ಪ.

"ಅದೇ ನನಗೂ ಅನುಮಾನ!"

ಸೂಜಿಯಕ್ಕ ಬಗ್ಗಿ ನೋಡುತ್ತಿದ್ದಳು. "ಎರಡೂ ಒಂದೇ ಮರ ಅಲ್ಲ ಸರ್. ಈ ಎರಡು ಗೆರೆ ಅಲ್ಲಿ ಬೇರೆ ಕಡೆ ಹೋಗಿವೆ." ಹೊಲಿಗೆ ಎಲ್ಲಿಂದೆಲ್ಲಿಗೆ ಹೋಯಿತೆಂದು ನೋಡುವ ಕಣ್ಣು ಅವಳದು.

"ಅದು ಕಾಣೋಕೆ ನನಗೆ ಆರು ವರ್ಷ ಬೇಕಾಯ್ತು!" ಮೇಷ್ಟರು ಕನ್ನಡಕ ತೆಗೆದು ಅಪ್ಪನತ್ತ ತಿರುಗಿದರು. "ಮನೇಲಿ ಇನ್ನೂ ಮೂರು ಇವೆ. ಯಾರ ಕೈಗೆ ಕೊಡಲಿ?"

ಅಪ್ಪ ಚಾಕುವನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದ.

"ಅವಳ ಕೈಗೇ ಕೊಡಿ" ಎಂದ. "ನನಗೆ ಕೊಟ್ಟರೆ ಕತ್ತರಿಸಿಬಿಡ್ತೀನಿ."