ಚಿಗವ್ವನ ವಂಕಿ

ಅಂಟುವಾಳದ ನೊರೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೋದ ವಾರ ಮೊಮ್ಮಗಳು ತನ್ನ ಮದುವೆಗೆಂದು ನನ್ನ ವಂಕಿ ಜೋಡಿಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿ ತಿಕ್ಕುತ್ತಾ ಕೂತಿದ್ದಳು. "ಅಜ್ಜಿ, ಇದು ನಮ್ಮ ಮನಿತನದ್ದಲ್ಲಾ? ಎಷ್ಟು ತಲಿಮಾರಿಂದು?" ಎಂದು ಕೇಳಿದಳು. ಗೆಳತಿಯರಿಗೆಲ್ಲ ಹಾಗೆಂದು ಹೇಳಿಯೂ ಬಂದಿದ್ದಳಂತೆ. ಮನೆತನದ್ದು ಹೌದು... ಆದರೆ ಯಾರ ಮನೆತನದ್ದು?

ಅದು ನಮ್ಮ ತವರಿನ ಪಕ್ಕದ ಮನೆಯ ಚಿಗವ್ವನದು. ರಕ್ತಸಂಬಂಧವೇನಲ್ಲ, ಬಾಯಿಮಾತಿನ ಚಿಗವ್ವ. ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಹೊಸಪೇಟೆಯಲ್ಲಿ ಎರಡು ಮನೆಗೂ ನಡುವೆ ಒಂದೇ ಗೋಡೆ. ಅವಳ ಮಗಳು ಮಾತ್ರ ಕೂಸಿದ್ದಾಗಿನಿಂದ ದೂರದ ಊರಲ್ಲಿ ತಂದೆಯ ತಾಯಿಯ ಹತ್ತಿರ ಬೆಳೆಯುತ್ತಿದ್ದಳು. ವಂಕಿ ಅವಳಿಗೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತನಗೆ ಎಂದು ಬಂದದ್ದು. ಮಜ್ಜಿಗೆ ಕಡೆಯುವಾಗಲೂ ತೋಳಿನಿಂದ ತೆಗೆದವಳಲ್ಲ. ನನ್ನ ಮದುವೆ ಹಂಪಿಯಲ್ಲೆಂದು ಗೊತ್ತಾದಾಗ, ಮಗಳನ್ನು ಬರಿ ತೋಳಲ್ಲಿ ಹಸೆಗೆ ಕೂರಿಸುವುದು ಹೇಗೆಂದು ಅವ್ವ ಪೇಚಾಡುತ್ತಿದ್ದಳು. ಚಿಗವ್ವ ಯಾರೂ ಕೇಳುವ ಮೊದಲೇ ತೋಳಿಗೆ ಎಣ್ಣೆ ಸವರಿಕೊಂಡು ವಂಕಿ ಜಾರಿಸಿದಳು. ಅದು ಕೂತಿದ್ದ ಜಾಗ ಬಿಳಿಚಿಕೊಂಡು ತಗ್ಗಾಗಿತ್ತು. ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದು ಅವ್ವನ ಕೈಗಿಟ್ಟಳು. "ಮದಿವಿ ಮುಗಿದ ಮ್ಯಾಲೆ ಕೊಡುವಂತ್ರಿ ಅಕ್ಕಾ" ಎಂದಳು, ಅಷ್ಟೆ.

ಮದುವೆ ಮುಗಿದು ನಾನು ವಂಕಿ ಸಮೇತ ಕಂಪ್ಲಿಯ ಗಂಡನ ಮನೆಗೆ ಹೋದೆ. ಅತ್ತೆ ಬಂದವರಿಗೆಲ್ಲ ನನ್ನ ತೋಳು ಹಿಡಿದು ತೋರಿಸಿ ಬೀಗಿದರು. ಅಲ್ಲಿಗೆ ಅವ್ವನ ಬಾಯಿ ಕಟ್ಟಿಹೋಯಿತು. ಎರವಲು ಒಡವೆಯೆಂದು ತಿಳಿದರೆ ಮಗಳ ಗತಿಯೇನು ಎಂಬ ಹೆದರಿಕೆ.

ಅಷ್ಟರಲ್ಲಿ ಚಿಗವ್ವನ ಗಂಡನಿಗೆ ಸೊಂಡೂರಿನ ಗಣಿಯಲ್ಲಿ ಮೇಸ್ತ್ರಿ ಕೆಲಸ ಸಿಕ್ಕು ಅವರು ಊರು ಬಿಟ್ಟರು. ಅಲ್ಲಿಂದ ಸಾಮಾನು ಒಯ್ಯಲು ಹೊಸಪೇಟೆಗೆ ಗಾಡಿ ಬರುತ್ತಿದ್ದದ್ದು ಮಂಗಳವಾರ ಮಾತ್ರ. ಅವಳು ಬಂದರೆ ಆ ಗಾಡಿಯಲ್ಲೇ ಬರಬೇಕು. ಮಂಗಳವಾರ, ಶುಕ್ರವಾರ ಬಂಗಾರ ಹೊಸ್ತಿಲು ದಾಟಬಾರದಲ್ಲ! ಕಂಪ್ಲಿಯಲ್ಲಿದ್ದ ವಂಕಿ ತನ್ನ ಪೆಟ್ಟಿಗೆಯಲ್ಲೇ ಇದೆಯೆಂಬಂತೆ ಮಾತಾಡಲು ಅವ್ವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೇ?

"ಇವತ್ತು ಮಂಗಳಾರ ಐತಲ್ಲ ತಂಗಿ, ಲಕ್ಷ್ಮಿನ್ನ ಹೆಂಗ ಹೊರಗ ಕಳಸ್ಲಿ?"

"ಹೌದ್ರಿ ಅಕ್ಕಾ, ಬ್ಯಾಡ್ರಿ. ನಿಮ್ಮನಿಗೆ ಕೆಟ್ಟದ್ದಾಗಬಾರ್ದು."

ಹೀಗೆಂದು ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದಳಂತೆ. ಎಷ್ಟು ಮಂಗಳವಾರಗಳೋ... ಒಂದು ಸಲ ಜಗಳ ತೆಗೆಯಬಾರದಿತ್ತೇ? ಬೀದಿಯಲ್ಲಿ ನಿಂತು ಬಾಯಿ ಮಾಡಬಾರದಿತ್ತೇ? ಅವಳ ಆ ಸಾಧುತನ ನೆನೆದರೆ ಮೈ ಉರಿಯುತ್ತದೆ.

ಚೊಚ್ಚಲ ಬಾಣಂತನಕ್ಕೆ ನಾನು ತವರಿನಲ್ಲಿದ್ದಾಗ ಒಮ್ಮೆ ಬಂದಳು. "ಉಗಾದಿ ಆದ ಮ್ಯಾಲೆ ಮಗಳ ಮದಿವಿರಿ ಅಕ್ಕಾ. ಅಕೀಗೆ ಏರಿಸಬೇಕಂತ..." ಎಂದದ್ದು ಒಳಗೆ ನನಗೆ ಕೇಳಿಸಿತು. ಅವ್ವ ಅದೇ ಉತ್ತರ ಕೊಟ್ಟಳು. ವಂಕಿ ನನ್ನ ತೋಳಿನ ಮೇಲಿತ್ತು. ತೆಗೆದು ಕೈಗಿಡುವುದು ಬಿಟ್ಟು ನಾನು ಸೆರಗು ಎಳೆದುಕೊಂಡೆ. ಚಿಗವ್ವ ಒಳಗೆ ಬಂದು ಕೂಸನ್ನು ಎತ್ತಿ ಮುದ್ದಾಡಿ ನನ್ನ ಮಡಿಲಿಗೆ ಹಾಕಿದಾಗ ಸೆರಗು ಜಾರಿತು. ಅವಳು ನೋಡಿದಳು. ಬಾಗಿಲಲ್ಲಿದ್ದ ಅವ್ವನ ಮುಖವನ್ನೂ ನೋಡಿದಳು.

"ಭಾಳ ಚಲೋ ಒಪ್ಪೈತಿ ನನ್ನವ್ವ" ಎಂದು ತಾನೇ ಸೆರಗು ಸರಿಮಾಡಿ ಹೊರಟುಹೋದಳು.

ಮರುದಿನ ಬುಧವಾರ. ಬುಧವಾರಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ನಾವು ಕಳಿಸಲಿಲ್ಲ. ಅವ್ವನನ್ನು ಎಷ್ಟು ಬೈದುಕೊಂಡರೇನು, ಅದು ನನಗೂ ಬೇಕಾಗಿತ್ತು. ಚಿಗವ್ವ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಮೊಮ್ಮಗಳ ಮಾತು ಕೇಳಿದ ಮೇಲೆ ಕೂರಲಾಗದೆ, ವಂಕಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಸೊಂಡೂರಿಗೆ ಹೋದೆ. ಚಿಗವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದೇ ಊರಿಗೆ ಮದುವೆಯಾಗಿ ಬಂದಿದ್ದ ಅವಳ ಮಗಳ ತಲೆಯೂ ಬೆಳ್ಳಗಾಗಿದೆ. ನಾನು ಎಲ್ಲವನ್ನೂ ಹೇಳಿ ವಂಕಿ ಮುಂದಿಟ್ಟೆ. ಆಕೆ ಅದನ್ನು ಮುಟ್ಟಲೂ ಇಲ್ಲ.

"ನಮ್ಮವ್ವಂದಾ? ಇಲ್ಲಬಿಡ್ರಿ. ನಮ್ಮ ಮನಿತನಕ್ಕ ವಂಕಿ ಆಗಿಬರಂಗಿಲ್ಲಂತ ಅಕೀನ ಹೇಳ್ತಿದ್ಲು. ಅದಕ್ಕ ನನ್ನ ಮದಿವ್ಯಾಗ ಏರಿಸಲಿಲ್ಲ. ನನ್ನ ಸೊಸಿಗೂ ಬ್ಯಾಡ ಅಂದೀನಿ."

ನಾನು ಮತ್ತೆ ಮೊದಲಿಂದ ಹೇಳಿದೆ. ಆಣೆ ಇಟ್ಟೆ. ಆಕೆಗೆ ಬೇಸರವಾಯಿತು.

"ನಮ್ಮವ್ವ ಸುಳ್ಳಾಡಾಕಿ ಅಲ್ರಿ. ನೀವು ಮನಿ ತಪ್ಪಿ ಬಂದೀರಿ, ನೋಡ್ರಿ."

ವಂಕಿ ನನ್ನ ಜೊತೆಯೇ ವಾಪಸು ಬಂತು. ನಾಳಿದ್ದು ಮೊಮ್ಮಗಳು ಅದನ್ನು ತೊಟ್ಟು ಹಸೆಗೆ ಕೂರುತ್ತಾಳೆ. ಚಿಗವ್ವ ಹೋದಳು... ವಂಕಿ ಅವಳದೆಂದು ಬಲ್ಲವಳು ಈಗ ನಾನೊಬ್ಬಳೇ. ನಾನು ಹೇಳಿದರೆ ಅವಳ ಮಗಳೇ ನಂಬುವುದಿಲ್ಲ.