ಮೂರು ಮಾತಿನ ಸಾಲು

ನನ್ನ ಗಂಡ ಖುವೆ ಯುದ್ಧಕ್ಕೆ ಹೋಗುವ ಮೊದಲು ನದಿ, ಕಮಲ, ಬೆಳದಿಂಗಳು ಎಂದು ಉದ್ದುದ್ದ ಸಾಲಿನ ಪದ್ಯ ಕಟ್ಟುತ್ತಿದ್ದರು. ನಮ್ಮ ಥಾಯ್ ಬಿನ್ ಕಡೆಯ ಆ ಊರಿನಲ್ಲಿ ತೆತ್ ಹೊಸ ವರ್ಷದ ದಿನ ಸಭಾಮಂದಿರದಲ್ಲಿ ಪದ್ಯ ಹೇಳುವುದು ಪದ್ಧತಿ. ಸಾಲು ಮೆಚ್ಚಿಗೆಯಾದರೆ ಹಿರಿಯ ಲುವಾನ್ ಡೋಲಿಗೆ ಒಂದು ಪೆಟ್ಟು ಹಾಕುತ್ತಿದ್ದರು. ಪೆಟ್ಟು ಬಿದ್ದ ಪದ್ಯವನ್ನಷ್ಟೇ ಮುಂದಿನ ವರ್ಷಗಳಲ್ಲಿ ಊರು ಹೇಳುತ್ತಿತ್ತು.

ಕ್ವಾಂಗ್ ತ್ರಿ ಕಾಳಗದಿಂದ ಇವರು ಬಂದರು. ಜೊತೆಗೆ ಹೋಗಿದ್ದ ನಮ್ಮೂರಿನ ತುವಾನ್ ಬರಲಿಲ್ಲ. ಕಂದಕದಲ್ಲಿ ಇಬ್ಬರೂ ಸೇರಿ ಕಟ್ಟಿದ ಪದ್ಯ ಊರಿನಲ್ಲಿ ಉಳಿಯಬೇಕೆಂಬುದೊಂದೇ ಇವರ ಆಸೆ. ಆ ವರ್ಷದ ತೆತ್ ದಿನ ಎದ್ದು ನಿಂತು ಅದನ್ನೇ ಹೇಳಿದರು. ತುವಾನನ ತಾಯಿ ಎದುರಿಗೇ ಕೂತಿದ್ದರು.

ಪದ್ಯ ಮುಗಿದರೂ ಲುವಾನ್ ಕೈಯ ಕೋಲು ಡೋಲಿನ ಮೇಲೆ ಬೀಳಲಿಲ್ಲ.

"ಏನಯ್ಯಾ ಇದು, ಸಾಲಿಗೆ ಮೂರೇ ಮಾತು? ನಾನು ಕೋಲು ಎತ್ತೋದ್ರೊಳಗೆ ನಿನ್ನ ಸಾಲೇ ಮುಗಿದಿರುತ್ತೆ. ಬೆಳದಿಂಗಳು ಎಲ್ಲೋಯ್ತು?"

"ಬೆಳದಿಂಗಳು ಬಿದ್ರೆ ನಾವು ವೈರಿ ಕಣ್ಣಿಗೆ ಬೀಳ್ತಿದ್ವಿ, ತಾತ. ಅಮೆರಿಕದವ್ರ ಒಂದು ಶೆಲ್ ಬಿದ್ದು ಇನ್ನೊಂದು ಬೀಳೋದ್ರೊಳಗೆ ಇಷ್ಟೇ ಹೇಳೋಕಾಗ್ತಿದ್ದದ್ದು. ಒಂದು ಸಾಲು ನಾನು, ಒಂದು ಸಾಲು ತುವಾನ್."

"ಅವನ ಕೊನೇ ಸಾಲು ಯಾವ್ದಪ್ಪಾ?" ಎಂದರು ತಾಯಿ.

"ಅಮ್ಮಾ, ಕೆಸರು ಬೆಚ್ಚಗಿದೆ."

ಆಕೆ ಲುವಾನ್ ಕಡೆ ತಿರುಗಿದರು. "ಇನ್ನೇನು ಕಾಯ್ತಿದ್ದೀರಿ? ಹೊಡೀರಿ."

ಲುವಾನ್ ಹೊಡೆದರು. ಆ ಪದ್ಯವನ್ನು ಈಗಲೂ ಹೇಳುತ್ತಾರೆ. ಇವರು ಮಾತ್ರ ಬದುಕಿರುವವರೆಗೂ ಮತ್ತೆ ಉದ್ದ ಸಾಲು ಕಟ್ಟಲಿಲ್ಲ.